ಕಾವಲಿಲ್ಲದ ಪರೀಕ್ಷೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಹತ್ತಿರ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿದೆ. ಅಲ್ಲಿ ಸೆಮಿಸ್ಟರ್ ಕೊನೆಯ ಎಷ್ಟೋ ಪರೀಕ್ಷೆಗಳಿಗೆ ಕೊಠಡಿ ಮೇಲ್ವಿಚಾರಕರೇ ಇರುವುದಿಲ್ಲ. ಯಾವ ಪೇಪರನ್ನು ಯಾವ ದಿನ, ಯಾವ ಹೊತ್ತಿಗೆ ಬರೆಯಬೇಕೆಂದು ವಿದ್ಯಾರ್ಥಿನಿಯೇ ತೀರ್ಮಾನಿಸುತ್ತಾಳೆ. ಪ್ರಶ್ನೆಪತ್ರಿಕೆ ಪಡೆದು, ಬರೆದು, ಒಪ್ಪಿಸಿ ಹೋಗುತ್ತಾಳೆ. ಅದೇ ಪೇಪರನ್ನು ನಾಳೆ ಬರೆಯಲಿರುವ ಗೆಳತಿಗೆ ಸುಲಭವಿತ್ತು, ಕಷ್ಟವಿತ್ತು ಎಂದೂ ಹೇಳುವಂತಿಲ್ಲ. ನಿಯಮ ಮುರಿದವರ ವಿಚಾರಣೆಗೆ ಕೂರುವವರಲ್ಲಿ ವಿದ್ಯಾರ್ಥಿನಿಯರೂ ಇರುತ್ತಾರೆ. ಇದು ಈಚಿನ ಪ್ರಯೋಗವೇನೂ ಅಲ್ಲ. ತಮ್ಮ ನಡವಳಿಕೆಯ ನಿಯಮಗಳನ್ನು ತಾವೇ ಮಾಡಿಕೊಳ್ಳುವ ಹಕ್ಕನ್ನು ಅಲ್ಲಿನ ಹುಡುಗಿಯರು 1892ರಲ್ಲೇ ಪಡೆದುಕೊಂಡರು.

ನಮ್ಮಲ್ಲಿ ಮಹಿಳಾ ಕಾಲೇಜು ಎಂದೊಡನೆ ಪೋಷಕರು ವಿಚಾರಿಸುವುದು ಕಾಂಪೌಂಡು, ಗೇಟು, ವಾರ್ಡನ್, ಹಾಸ್ಟೆಲ್ ಬಾಗಿಲು ಹಾಕುವ ಸಮಯ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ಲೇಡೀಸ್ ಕಾಲೇಜು’ ಎಂಬ ಒಂದೇ ಕಾರಣಕ್ಕೆ ಅಪ್ಪ ಒಪ್ಪಿ, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದಿದ ಹೆಣ್ಣುಮಕ್ಕಳು ಊರೂರಿನಲ್ಲೂ ಇದ್ದಾರೆ. ಆದರೆ ಗೇಟು ದಾಟಿ ಒಳಗೆ ಬಂದವಳನ್ನು ನಾವು ಎಷ್ಟು ನಂಬುತ್ತೇವೆ? ಮಹಿಳಾ ಕಾಲೇಜೊಂದರ ಯೋಗ್ಯತೆಯನ್ನು ಅಳೆಯಬೇಕಾದ್ದು ಈ ಪ್ರಶ್ನೆಯಿಂದ.

1885ರಲ್ಲಿ ಶುರುವಾದ ಬ್ರಿನ್ ಮಾರ್‌ನ ಮೊದಲ ಡೀನ್ ಕ್ಯಾರಿ ಥಾಮಸ್. ಆಕೆ ಡಾಕ್ಟರೇಟ್ ಮಾಡಲು ಜರ್ಮನಿಗೆ ಹೋದರೆ ಅಲ್ಲಿ ಹೆಂಗಸರಿಗೆ ಆ ಪದವಿ ಕೊಡುತ್ತಿರಲಿಲ್ಲ; ಕೊನೆಗೆ 1882ರಲ್ಲಿ ಜ್ಯೂರಿಕ್‌ನಲ್ಲಿ ಪಡೆದರು. ತಾನು ಅಲೆದಂತೆ ಬೇರೆಯವರು ಅಲೆಯಬಾರದೆಂಬಂತೆ, ಈ ಕಾಲೇಜು ಆರಂಭದಿಂದಲೇ ಹೆಣ್ಣುಮಕ್ಕಳಿಗೆ ಪಿಎಚ್.ಡಿ.ವರೆಗಿನ ಓದಿಗೆ ಅವಕಾಶ ಕೊಟ್ಟಿತು. ಇಲ್ಲಿ ಜೀವಶಾಸ್ತ್ರ ಓದಿದ ಜಪಾನಿನ ತ್ಸುದಾ ಉಮೆಕೊ 1900ರಲ್ಲಿ ಟೋಕಿಯೊದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದು ಈಗ ವಿಶ್ವವಿದ್ಯಾಲಯವಾಗಿದೆ. 2024ರಿಂದ ಅವರ ಚಿತ್ರ ಐದು ಸಾವಿರ ಯೆನ್ ನೋಟಿನ ಮೇಲಿದೆ.

ಗಣಿತಜ್ಞೆ ಎಮ್ಮಿ ನೋಥರ್ ಅವರಿಗೂ ಈ ಕಾಲೇಜೇ ಆಸರೆಯಾಯಿತು. ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ಹೆಣ್ಣೆಂಬ ಕಾರಣಕ್ಕೆ ವರ್ಷಗಟ್ಟಲೆ ಅಲ್ಲಿನ ಗಣಿತಜ್ಞ ಹಿಲ್ಬರ್ಟ್ ಹೆಸರಿನಲ್ಲಿ ಪಾಠ ಮಾಡಬೇಕಾಯಿತು. 1933ರಲ್ಲಿ ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಕೆಲಸದಿಂದಲೇ ತೆಗೆದುಹಾಕಿದರು. ಬ್ರಿನ್ ಮಾರ್ ಕರೆದುಕೊಂಡಿತು. ಅಲ್ಲಿ ಎರಡು ವರ್ಷ ತುಂಬುವ ಮೊದಲೇ, 1935ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹಳೆಯ ಗ್ರಂಥಾಲಯದ ಒಳಾಂಗಣದ ಸುತ್ತ ಇರುವ ಕಮಾನುಗಳ ಹಾದಿಯ ಕೆಳಗೆ ಅವರ ಚಿತಾಭಸ್ಮವಿದೆ. ಪ್ರತಿವರ್ಷ ಹೊಸದಾಗಿ ಸೇರಿದ ಹುಡುಗಿಯರಿಗೆ ಹಿರಿಯರು ಗ್ರೀಕ್ ಹಾಡುಗಳ ನಡುವೆ ಲಾಟೀನು ಕೊಡುವ ರಾತ್ರಿಯ ಹಬ್ಬ ನಡೆಯುವುದೂ ಅದೇ ಅಂಗಳದಲ್ಲಿ.

ಇಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಹೆಣ್ಣಿನ ಬುದ್ಧಿಶಕ್ತಿಯ ಪರವಾಗಿ ಜೀವಮಾನವಿಡೀ ವಾದಿಸಿದ ಅದೇ ಕ್ಯಾರಿ ಥಾಮಸ್ ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಯಹೂದಿ ಅಧ್ಯಾಪಕರ ನೇಮಕವನ್ನೂ ವಿರೋಧಿಸಿದರು. ಅಲ್ಲಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿನಿ ಎನಿಡ್ ಕುಕ್, 1931ರಲ್ಲಿ. ಗ್ರಂಥಾಲಯಕ್ಕಿದ್ದ ಥಾಮಸ್ ಹೆಸರನ್ನು ಕಾಲೇಜು ಈಚೆಗೆ ಕೈಬಿಟ್ಟಿದೆ. ಸರಿಯಾದ ಕೆಲಸ. ಒಂದು ಬಾಗಿಲು ತೆರೆದವರೆಂದು ಮುಚ್ಚಿದ ಬಾಗಿಲುಗಳ ಲೆಕ್ಕ ಬಿಡಲಾಗದು.

ಥಾಮಸ್ ಅವರ ಅಧಿಕಾರದ ಕೊನೆಗಾಲದಲ್ಲಿ, 1921ರಲ್ಲಿ, ಕಾಲೇಜು ಇನ್ನೊಂದು ಕೆಲಸ ಮಾಡಿತು. ಬೇಸಿಗೆ ರಜೆಯಲ್ಲಿ ಖಾಲಿ ಬೀಳುತ್ತಿದ್ದ ತರಗತಿಗಳನ್ನೂ ಹಾಸ್ಟೆಲ್‌ಗಳನ್ನೂ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಬಿಟ್ಟುಕೊಟ್ಟಿತು. ಬಟ್ಟೆ ಹೊಲಿಯುವವರು, ಮಿಲ್ಲಿನವರು ವಿದ್ಯಾರ್ಥಿವೇತನದ ಮೇಲೆ ಬಂದು ಎಂಟು ವಾರ ಇದ್ದು ಅರ್ಥಶಾಸ್ತ್ರ, ಸಾಹಿತ್ಯ, ವಿಜ್ಞಾನ ಓದಿದರು. ಕಸೂತಿ, ಅಡುಗೆ ಕಲಿಸಿ ಕಳಿಸಲಿಲ್ಲ. ಕೂಲಿ ಹೇಗೆ ನಿಗದಿಯಾಗುತ್ತದೆ, ಸಂಘ ಏಕೆ ಬೇಕು ಎಂದು ಪ್ರೊಫೆಸರುಗಳ ಜೊತೆ ವಾದ ಮಾಡಿದರು. ಶಾಲೆಯ ಆಡಳಿತದಲ್ಲೂ ಅವರಿಗೆ ಪಾಲಿತ್ತು. ಆ ಕಾರ್ಮಿಕ ವಿದ್ಯಾರ್ಥಿನಿಯರೇ ಪಟ್ಟುಹಿಡಿದು 1926ರಲ್ಲಿ ಕಪ್ಪು ಹೆಂಗಸರಿಗೂ ಅಲ್ಲಿ ಪ್ರವೇಶ ದೊರಕಿಸಿದರು. 1938ರವರೆಗೆ ಕಾಲೇಜಿನ ಆವರಣದಲ್ಲಿ ಆ ಶಾಲೆ ನಡೆಯಿತು.

ಇದನ್ನು ಓದುವಾಗಲೆಲ್ಲ ನನಗೆ ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನೆನಪಾಗುತ್ತಾರೆ. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದು ನಿಲ್ಲಿಸಿ, ಬೆಳಿಗ್ಗೆ ಪಾಳಿಗೆ ಓಡುವವರು ಅವರಲ್ಲಿ ಬಹಳ ಮಂದಿ. ಅವರ ಬೀದಿಗಳಿಂದ ಬಸ್ಸಿನ ದೂರದಲ್ಲೇ ಸರ್ಕಾರಿ ಮಹಿಳಾ ಕಾಲೇಜುಗಳಿವೆ. ಅಲ್ಲಿ ರಜೆಯಲ್ಲಿ ಬೆಂಚುಗಳ ಮೇಲೆ ದೂಳು ಕೂರುತ್ತದೆ, ಗ್ರಂಥಾಲಯಕ್ಕೆ ಬೀಗ ಬೀಳುತ್ತದೆ.

ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ ಹುಡುಗಿಯರ ಶಾಲೆ ತೆರೆದಾಗ, ಹೆಣ್ಣುಮಕ್ಕಳನ್ನು ಓದಲು ಕಳಿಸುವ ಮನೆಗಳೇ ಅಪರೂಪ. ಅದೇ ಶಾಲೆ ಮುಂದೆ ಮಹಾರಾಣಿ ಕಾಲೇಜಾಯಿತು. ಅಂಥ ನೆಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದು ಆಗದ ಕೆಲಸವಲ್ಲ. ಭಾನುವಾರಗಳಂದು, ಮುಂದೆ ರಜೆಯಲ್ಲಿ, ಒಂದೇ ಒಂದು ಮಹಿಳಾ ಕಾಲೇಜು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ತರಗತಿ ತೆರೆಯಲಿ. ಕಾರ್ಮಿಕ ಇಲಾಖೆ, ಉನ್ನತ ಶಿಕ್ಷಣ ಇಲಾಖೆ ಕೂತು ಮಾತಾಡಲಿ. ಏನು ಓದಬೇಕೆಂದು ಮೊದಲು ಆ ಹೆಣ್ಣುಮಕ್ಕಳನ್ನೇ ಕೇಳಲಿ.