ಕಲಿಸುವವರು ಕಲಿಯಬೇಕಾದ ವಿದ್ಯೆ

ವಿಷ್ಣುಶರ್ಮನೆಂಬ ಪಂಡಿತನು ಮೂವರು ಜಡಮತಿಗಳಾದ ರಾಜಪುತ್ರರನ್ನು ಆರು ತಿಂಗಳೊಳಗೆ ನೀತಿಶಾಸ್ತ್ರಜ್ಞರನ್ನಾಗಿ ಮಾಡಿದ ಪಂಚತಂತ್ರದ ಪೀಠಿಕೆಯನ್ನು ವಾಚಕಮಹಾಶಯರು ಬಲ್ಲರು. ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕೆಂದು ಸಭೆಯಲ್ಲಿ ಹೇಳಿದವರಿದ್ದರು. ವಿಷ್ಣುಶರ್ಮನು ಕಲಿಸುವ ಮಾರ್ಗವನ್ನೇ ಬದಲಿಸಿದನು. ಹುಡುಗರು ಮಾತ್ರ ಮೊದಲಿನ ಹುಡುಗರೇ. ಆ ಗ್ರಂಥದ ಹಕ್ಕಿಮೃಗಗಳ ಚಾತುರ್ಯವನ್ನು ಎಲ್ಲರೂ ಹೊಗಳುವರು. ಈ ಗುರುವಿನ ಚಾತುರ್ಯವನ್ನು ವಿಚಾರಿಸುವವರು ವಿರಳ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ವಿಪರೀತವಾದುದನ್ನೇ ಕಾಣುತ್ತಿರುವೆವು. ಮಾಸ್ತರರು ಹಲಗೆಯ ಕಡೆಗೆ ಮೋರೆ ತಿರುಗಿಸಿದೊಡನೆ ಪಾಠದ ಎಳೆ ತಪ್ಪುವ ಹುಡುಗಿಯನ್ನು ಲಕ್ಷ್ಯವಿಲ್ಲದವಳೆನ್ನುವರು. ಅವಳಿಗೆ ಅರ್ಧ ಮಾತ್ರ ಕೇಳಿಸುತ್ತಿದ್ದು, ಉಳಿದರ್ಧವನ್ನು ತುಟಿಗಳ ಚಲನೆಯಿಂದ ಊಹಿಸಿಕೊಳ್ಳುತ್ತಿರುವಳೆಂಬುದು ಯಾರಿಗೂ ಹೊಳೆಯದು. ಬಾಯಿಪಾಠದಲ್ಲಿ ಮುಂದಿರುವ ಹುಡುಗನು ಪುಸ್ತಕ ತೆರೆದೊಡನೆ ಒತ್ತಕ್ಷರದ ಮುಂದೆ ನಿಂತುಬಿಟ್ಟರೆ ಅವನು ಸೋಮಾರಿ! ಕಾಗುಣಿತವೂ ಸಂಯುಕ್ತಾಕ್ಷರಗಳೂ ಕೂಡಿ ಕನ್ನಡದಲ್ಲಿ ನೂರಾರು ಆಕೃತಿಗಳಾಗುವವು. ಸಾಮಾನ್ಯ ಮಗುವಿಗೂ ಅವು ಕೈವಶವಾಗಲು ಕೆಲವು ವರ್ಷಗಳು ಬೇಕು. ಕಲಿಕಾ ನ್ಯೂನತೆಯುಳ್ಳ ಮಗುವಿಗಾದರೋ ಅವನ್ನು ಬಿಡಿಸಿ, ಕ್ರಮಗೊಳಿಸಿ, ಕಣ್ಣು, ಕಿವಿ, ಕೈಗಳೆಲ್ಲದರ ಮೂಲಕ ಕಲಿಸಬೇಕಾಗುವದು. ಬೆತ್ತದಿಂದ ಇದು ಸಾಧ್ಯವಿಲ್ಲ, ಮಮತೆಯೊಂದರಿಂದಲೂ ಸಾಧ್ಯವಿಲ್ಲ. ಇದೊಂದು ಶಾಸ್ತ್ರ. ಇದನ್ನು ಕಲಿತವರೇ ಕಲಿಸಬಲ್ಲರು.

ಕನ್ನಡ ನಾಡಿಗೆ ಈ ಶಾಸ್ತ್ರವು ಹೊಸದೇನಲ್ಲ. ಮೈಸೂರಿನಲ್ಲಿ ಕಿವುಡರ ಮತ್ತು ಕುರುಡರ ಶಾಲೆಯು 1901ನೆಯ ಇಸವಿಯಷ್ಟು ಹಿಂದೆಯೇ ಆರಂಭವಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕೀರ್ತಿಯನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ತಾವೇ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳು ದೃಷ್ಟಿಹೀನರಾದ ಪುಟ್ಟರಾಜರನ್ನು ಸಂಗೀತದಲ್ಲಿ ಬೆಳೆಯಿಸಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಶಿಷ್ಯರು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆಶ್ರಮವನ್ನು ನಡೆಯಿಸಿದರು. ಗುರುವಿಗೆ ಶಿಷ್ಯನ ಕತ್ತಲೆಯು ಸ್ವಾನುಭವದಿಂದ ತಿಳಿದಿದ್ದಿತು. ಆದರೆ ಊರೂರಿಗೂ ಅಂಥ ಮಹಾನುಭಾವರು ಅವತರಿಸುವರೆಂದು ನಂಬಿ ಕೂಡ್ರುವದು ಗೃಹಸ್ಥರಿಗೆ ತರವಲ್ಲ. ಸಾಮಾನ್ಯ ಬುದ್ಧಿಯ, ಸಾಮಾನ್ಯ ಸಂಬಳದ ಶಿಕ್ಷಕನಿಗೂ ಆ ತಿಳಿವಳಿಕೆ ಬರಬೇಕಾದರೆ ತರಬೇತಿಯೇ ಮಾರ್ಗ.

ಅಂಥ ತರಬೇತಿಯು ಈಗ ಪದವಿಯ ರೂಪದಲ್ಲಿ ದೊರೆಯುತ್ತಿರುವದು. 1992ರ ಕಾಯಿದೆಯ ಮೇರೆಗೆ ಭಾರತೀಯ ಪುನರ್ವಸತಿ ಪರಿಷತ್ತಿಗೆ ಶಾಸನದ ಬಲ ಬಂದಿತು. ವಿಶೇಷ ಶಿಕ್ಷಣದ ಪಠ್ಯಕ್ರಮವನ್ನು ನಿಶ್ಚಯಿಸುವದೂ ಅರ್ಹರ ಹೆಸರುಗಳನ್ನು ಪಟ್ಟಿಯಲ್ಲಿ ದಾಖಲಿಸುವದೂ ಅದರ ಕೆಲಸ. ಪದವೀಧರರು ಮಾಡುವ ವಿಶೇಷ ಶಿಕ್ಷಣದ ಬಿ.ಎಡ್. ಕ್ರಮವನ್ನು 2015ರಲ್ಲಿ ಎರಡು ವರ್ಷಗಳಿಗೆ ವಿಸ್ತರಿಸಲಾಯಿತು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಇವುಗಳಲ್ಲೊಂದನ್ನು ಮುಖ್ಯವಾಗಿ ಆರಿಸಿಕೊಂಡು ಉಳಿದವುಗಳ ಪರಿಚಯವನ್ನೂ ಪಡೆಯಬೇಕು. ವಿಶೇಷ ಶಾಲೆಯಲ್ಲಿಯೂ ಸಾಮಾನ್ಯ ಶಾಲೆಯಲ್ಲಿಯೂ ಪಾಠ ಮಾಡಿ ತೋರಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷದ ವಿಷಯವಾಗಿ ಈ ಬಿ.ಎಡ್. ಪದವಿಯೂ ಅದರ ಮೇಲಿನ ಎಂ.ಎಡ್. ಪದವಿಯೂ ಇರುವವು.

ಅಲ್ಲಿ ಕಲಿಯುವದೇನೆಂದು ಕೇಳುವವರಿಗೆ ಒಂದೇ ಉದಾಹರಣೆಯನ್ನು ಕೊಡುವೆವು. ಬ್ರೈಲ್ ಲಿಪಿಯ ಒಂದೊಂದು ಅಕ್ಷರಕ್ಕೆ ಆರು ಚುಕ್ಕೆಗಳ ಮನೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಸ್ಥಿರಪಟ್ಟಿತು. ಅದರಲ್ಲಿ ನಮ್ಮ ಗುಡಿಸು, ಕೊಂಬು, ಒತ್ತುಗಳಾವವೂ ಇಲ್ಲ. 'ಕಿ' ಎಂದು ಬರೆಯಬೇಕಾದರೆ ಮೊದಲು ವ್ಯಂಜನ, ಅದರ ಮುಂದೆ 'ಇ'ಕಾರ. ಸ್ವರವನ್ನೂ ವ್ಯಂಜನವನ್ನೂ ಬೇರ್ಪಡಿಸಿ ನೋಡುವ ಈ ರೀತಿಯು ವೈಯಾಕರಣರಿಗೆ ಪರಮಪ್ರಿಯವಾಗತಕ್ಕದ್ದು. ನಾವಂತೂ ಅದನ್ನು ಮೊದಲು ಕಂಡಾಗ ಬಹಳ ಹೊತ್ತು ಸಂತೋಷಪಟ್ಟೆವು. ಅದಿರಲಿ. ಈ ಲಿಪಿಯನ್ನರಿಯದ ಶಿಕ್ಷಕನು ದೃಷ್ಟಿಹೀನ ವಿದ್ಯಾರ್ಥಿಯ ಬರಹವನ್ನು ತಿದ್ದುವದಾದರೂ ಹೇಗೆ? ಮಗುವನ್ನು ಕೊನೆಯ ಸಾಲಿನಲ್ಲಿ ಕೂಡ್ರಿಸಿ ಹಾಜರಿ ಹಾಕುವದೊಂದೇ ಅವನಿಗೆ ಉಳಿಯುವದು.

ಶಾಸನಗಳಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಕಾಯಿದೆಯು ನಿಗದಿಪಡಿಸಿದ ಪ್ರಮಾಣದ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷಗಳವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿರುವದು. 2022ರಲ್ಲಿ ಕೇಂದ್ರಸರಕಾರವು ಇಂಥ ಮಕ್ಕಳಿಗೆ ಪ್ರಾಥಮಿಕದಲ್ಲಿ 10ಕ್ಕೊಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಪ್ರಮಾಣವನ್ನು ಗೊತ್ತುಪಡಿಸಿತು. ಹುದ್ದೆಗಳನ್ನು ಮಂಜೂರುಮಾಡಿ ಪ್ರಕಟಿಸಿರೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ರಾಜ್ಯಗಳಿಗೆ ಆಜ್ಞಾಪಿಸಬೇಕಾಯಿತೆಂದ ಮೇಲೆ ಕೆಲಸವು ಎಷ್ಟು ಹಿಂದುಳಿದಿದ್ದಿತೆಂಬುದನ್ನು ವಾಚಕರೇ ಊಹಿಸಲಿ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಅಂಗವಿಕಲರ ಸಂಖ್ಯೆಯು ಎಲ್ಲ ವಯಸ್ಸಿನವರೂ ಸೇರಿ 13 ಲಕ್ಷವನ್ನು ಮೀರಿದ್ದಿತು.

ಆದರೆ ಆಜ್ಞೆಯಿಂದ ಹುದ್ದೆ ಹುಟ್ಟಬಹುದು, ಶಿಕ್ಷಕನು ಹುಟ್ಟಲಾರನು. ನಮ್ಮ ಖಾನಾಪುರ ತಾಲೂಕಿನಲ್ಲಂತೂ ಇನ್ನೊಂದು ತೊಡಕಿರುವದು. ಎಷ್ಟೋ ಮನೆಗಳಲ್ಲಿ ಮಾತು ಮರಾಠಿ, ಕಾಡಿನ ಕಡೆಗೆ ಕೊಂಕಣಿ. ಶಾಲೆಗೆ ಹೋದರೆ ಕನ್ನಡ. ಕಿವಿ ಚೆನ್ನಾಗಿರುವ ಮಗುವು ಮೂರನ್ನೂ ಆಟದಲ್ಲಿಯೇ ಕಲಿತುಬಿಡುವದು. ಕಿವಿ ಮಂದವಾದ ಮಗುವು ತಾಯಿಯ ತುಟಿಗಳ ಮೇಲೆ ಒಂದು ಶಬ್ದವನ್ನೂ ಮಾಸ್ತರರ ತುಟಿಗಳ ಮೇಲೆ ಅದೇ ವಸ್ತುವಿಗೆ ಬೇರೊಂದು ಶಬ್ದವನ್ನೂ ಕಂಡು ಕಂಗೆಡುವದು. ಅದರ ತಪ್ಪು ಭಾಷಾಭೇದದಿಂದ ಬಂದುದೋ, ಶ್ರವಣದೋಷದಿಂದಲೋ, ಬುದ್ಧಿಯ ನ್ಯೂನತೆಯಿಂದಲೋ ಎಂಬುದನ್ನು ಆ ಮೂರು ಭಾಷೆಗಳ ನಡುವೆಯೇ ಬೆಳೆದು ಈ ಶಾಸ್ತ್ರವನ್ನೂ ಕಲಿತವನು ಬೇಗನೆ ಗುರುತಿಸುವನು. ದೂರದಿಂದ ವರ್ಗವಾಗಿ ಬಂದವರಿಗೆ ಇದು ತಿಳಿಯುವಷ್ಟರಲ್ಲಿ ಮಗುವಿನ ಎರಡು ವರ್ಷಗಳು ಕಳೆದುಹೋಗಿರುವವು.

ಆದುದರಿಂದ ನಮ್ಮ ಗೃಹಸ್ಥರಲ್ಲಿ ಒಂದು ಬಿನ್ನಹ. ಬಿ.ಎ., ಬಿ.ಎಸ್‌ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಸೊಸೆಯನ್ನೋ ಸಾಮಾನ್ಯ ಬಿ.ಎಡ್. ತರಗತಿಗೆ ಕಳುಹಿಸುವ ಮೊದಲು ಈ ವಿಶೇಷ ಪದವಿಯ ವಿಚಾರವನ್ನು ಮನೆಯಲ್ಲಿ ಒಮ್ಮೆ ಮಾಡಬೇಕು. ಮೈಸೂರು ಇಲ್ಲಿಂದ ಐನೂರು ಕಿಲೋಮೀಟರುಗಳಿಗೂ ಮಿಕ್ಕ ದಾರಿ, ನಿಜ. ಆದರೆ ಪಲಾಶಿಕೆಯೆನಿಸಿದ್ದ ನಮ್ಮ ಹಲಸಿಯಿಂದಲೂ ಆಳಿದ ಕದಂಬರ ಮೂಲಪುರುಷನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋಗಿದ್ದನೆಂದು ತಾಳಗುಂದದ ಶಾಸನವು ಹೇಳುವದು. ಆಗ ಈಗಿನಂತೆ ಬೆಳಗಾವಿಯಿಂದ ರೈಲುಬಂಡಿಯಿರಲಿಲ್ಲ. ಕಾಲೇಜನ್ನು ಆರಿಸುವಾಗ ಮಾತ್ರ ಎಚ್ಚರಿಕೆ ಬೇಕು. ಪುನರ್ವಸತಿ ಪರಿಷತ್ತಿನ ಮನ್ನಣೆಯು ಆ ವರ್ಷಕ್ಕೆ ಊರ್ಜಿತವಾಗಿದೆಯೇ, ಅಭ್ಯಾಸಪಾಠಕ್ಕೆ ನಿಜವಾದ ಮಕ್ಕಳಿರುವ ಶಾಲೆಯುಂಟೇ ಎಂಬುದನ್ನು ಹಣ ಕಟ್ಟುವ ಮೊದಲೇ ಕಣ್ಣಾರೆ ನೋಡಿ ಬರಬೇಕು.

ಅಷ್ಟು ವರ್ಷ ಕಾಯಲಾರದ ಮಕ್ಕಳು ಈಗಲೇ ಮನೆಯಲ್ಲಿದ್ದರೆ, ಅವರ ಹಿರಿಯರು ಖಾನಾಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಲಿ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವದೂ ಅವರ ಕರ್ತವ್ಯಗಳಲ್ಲೊಂದು. ಕರೆದರೆ ತಿರುಗಿ ನೋಡದ ಕೂಸಿನ ಕಿವಿಯನ್ನು ಪರೀಕ್ಷಿಸುವದಕ್ಕಾದರೋ ಶಾಲೆಯ ವಯಸ್ಸಿನವರೆಗೂ ಕಾಯದೆ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಈ ತಿಂಗಳೇ ಕರೆದೊಯ್ಯಬೇಕು.