ದೊಡ್ಡ ಮೀನಿಗೆ ದೊಡ್ಡ ಎರೆ

ಕಳೆದ ಮಳೆಗಾಲದ ಒಂದು ಶನಿವಾರ. ನಾಗಮಂಗಲದ ಕಡೆಯ ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಕಪ್ಪೆಯೊಂದು ನೆಲಕ್ಕೆ ಬಿತ್ತು. ಹುಡುಗಿಯರು ಕಿರುಚಿದರು. ಹೋಗಿ ನೋಡಿದರೆ ಪ್ಲಾಸ್ಟಿಕ್ ಕಪ್ಪೆ! ಅಂಗೈ ತುಂಬುವಷ್ಟು ದೊಡ್ಡದು, ಹಸಿರು ಬಣ್ಣ, ಹೊಟ್ಟೆಯ ಕೆಳಗೆ ಎರಡು ಕೊಕ್ಕೆ. ಅಣ್ಣನ ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದನಂತೆ.

ಗದರಿಸಿ ಮೇಜಿನ ಮೇಲಿಟ್ಟುಕೊಂಡೆ. ಗಂಟೆ ಹೊಡೆದ ಮೇಲೆ ಹುಡುಗ ಹತ್ತಿರ ಬಂದು ನಿಂತ. ಕಪ್ಪೆಯನ್ನು ವಾಪಸು ಕೇಳುವ ಬದಲು ಒಂದು ಪ್ರಶ್ನೆ ಕೇಳಿದ. "ಸಾ, ದೊಡ್ ಮೀನು ಬೇಕಂದ್ರೆ ದೊಡ್ ಕಪ್ಪೇನೇ ಹಾಕ್ಬೇಕಂತೆ. ಎರೆಹುಳಕ್ಕೂ ಮೀನು ಬೀಳುತ್ತಲ್ಲ ಸಾ, ಮತ್ಯಾಕೆ ದೊಡ್ದು?"

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಪಾಠ ಹೇಳಿದವನಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಸೋಮವಾರ ಬಾ" ಎಂದು ಕಳಿಸಿದೆ. ಹೋಗುವ ಮೊದಲು ಅವನು ಇನ್ನೊಂದು ಮಾತು ಹೇಳಿದ. ಊರ ಕೆರೆಯ ಜೊಂಡಿನ ಹತ್ತಿರ ದೊಡ್ಡ ಕೊರವ ಮೀನೊಂದಿದೆ, ಅದರ ಜೊತೆ ಕೆಂಪು ಮರಿಗಳ ಗುಂಪಿದೆ. ಭಾನುವಾರ ಅದನ್ನು ಹಿಡಿದು ಮಾರಿದರೆ ನೋಟ್ ಪುಸ್ತಕದ ಖರ್ಚು ಕಳೆಯುತ್ತದೆ ಎಂದು ಅವನ ಅಪ್ಪ ಹೇಳಿದ್ದಾರಂತೆ. ಆ ಮಾತು ಕೇಳಿದ ಮೇಲೆ ಸೋಮವಾರದವರೆಗೆ ಕಾಯುವುದು ಸರಿಯಲ್ಲವೆನಿಸಿತು. ಹುಡುಗನನ್ನು ಮತ್ತೆ ಕರೆದು ಕೂರಿಸಿಕೊಂಡೆ. ಅಂದು ಅವನಿಗೆ ಹೇಳಿದ್ದನ್ನೂ, ಅಂದಿನಿಂದ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕದಿಂದ ಆರಂಭಿಸೋಣ. ಹತ್ತು ಸೆಂಟಿಮೀಟರ್ ಉದ್ದದ ಒಂದು ಪಕ್ಕೆ ಮೀನು, ಅದೇ ಆಕಾರದ ಇಪ್ಪತ್ತು ಸೆಂಟಿಮೀಟರ್ ಉದ್ದದ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಪಟ್ಟು ತೂಕ? ಎರಡು ಪಟ್ಟು ಎಂದರೆ ತಪ್ಪು. ಉದ್ದ, ಅಗಲ, ದಪ್ಪ ಮೂರೂ ಎರಡರಷ್ಟಾಗುವುದರಿಂದ ತೂಕ 2×2×2, ಅಂದರೆ ಎಂಟು ಪಟ್ಟು. ಬೇಟೆಯಾಡುವ ದೊಡ್ಡ ಮೀನಿಗೆ ಒಂದೇ ಸಲ ಬಾಯಿ ಹಾಕಿದರೆ ಎಂಟು ತುತ್ತು ದಕ್ಕಿದಂತೆ. ಆದರೆ ನುಗ್ಗಿ ಹಿಡಿಯಲು ಅದು ಎಂಟು ಪಟ್ಟು ಶಕ್ತಿ ಖರ್ಚು ಮಾಡಬೇಕಿಲ್ಲ. ಆದ್ದರಿಂದ ವಯಸ್ಸಾದ ದೊಡ್ಡ ಮೀನು ಸಣ್ಣಪುಟ್ಟ ಮರಿಗಳ ಹಿಂದೆ ದಿನವೆಲ್ಲ ಓಡುವ ಬದಲು ಹೊಂಚು ಹಾಕಿ ಕುಳಿತು ಒಂದೇ ದೊಡ್ಡ ತುತ್ತಿಗೆ ಕಾಯುವುದು ಹೆಚ್ಚು. ಪ್ರಾಣಿಗಳ ಆಹಾರದಲ್ಲಿಯೂ ಜಮಾ ಖರ್ಚಿನ ಪುಸ್ತಕವಿದೆ.

ಎರಡನೆಯದು ಬಾಯಿಯ ಅಳತೆ. ಕೊರವದಂಥ ಮೀನು ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಬಾಯಿಗೆ ಹಿಡಿಸದ್ದು ಅದಕ್ಕೆ ಆಹಾರವಲ್ಲ. ಆದ್ದರಿಂದ ದೊಡ್ಡ ಎರೆ ಹಾಕಿದರೆ ಸಣ್ಣ ಮೀನುಗಳು ತಾವಾಗಿಯೇ ಹೊರಗುಳಿಯುತ್ತವೆ. ಮೂರನೆಯದು ಸಪ್ಪಳ. ಮೀನಿನ ಪಕ್ಕೆಯುದ್ದಕ್ಕೂ ಒಂದು ಗೆರೆ ಇರುವುದನ್ನು ನೀವು ನೋಡಿರಬಹುದು. ಇದಕ್ಕೆ ಪಾರ್ಶ್ವರೇಖೆ ಎಂದು ಹೆಸರು. ನೀರಿನ ಸಣ್ಣ ಅಲುಗಾಟವನ್ನೂ ಅರಿಯುವ ಅಂಗ ಇದು. ದೊಡ್ಡ ಎರೆ ಹೆಚ್ಚು ನೀರನ್ನು ತಳ್ಳುತ್ತದೆ. ಕಲಕಿದ ನೀರಿನಲ್ಲಿ ಕಣ್ಣಿಗೆ ಕಾಣದಿದ್ದರೂ ಮೀನಿಗೆ ಅದರ ಸುಳಿವು ಸಿಗುತ್ತದೆ.

ಅಮೆರಿಕದಲ್ಲಿ ಬಾಸ್ ಎಂಬ ಮೀನಿದೆ. ನಮ್ಮ ಕೊರವದ ಹಾಗೆಯೇ ದೊಡ್ಡ ಬಾಯಿ, ಹೊಂಚು ಹಾಕುವ ಸ್ವಭಾವ. ಅದನ್ನು ಹಿಡಿಯಲು ಮೊಳಕೈಯುದ್ದದ ಮರದ, ರಬ್ಬರಿನ ಸುಳ್ಳು ಮೀನುಗಳನ್ನು ಮಾಡಿ ಎಸೆಯುವವರಿದ್ದಾರೆ. ದಿನವೆಲ್ಲ ಎಸೆದರೂ ಒಂದು ಮೀನು ಬೀಳದೆ ಹೋಗಬಹುದು. ಬಿದ್ದರೆ ಮಾತ್ರ ದೊಡ್ಡದು. ಆ ಜಾತಿಯ ದಾಖಲೆ ಮೀನು 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಸಿಕ್ಕಿತು, ತೂಕ ಹತ್ತು ಕೆ.ಜಿ.ಗೆ ಸ್ವಲ್ಪ ಮೇಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದನ್ನು ಸರಿಗಟ್ಟುವ ಇನ್ನೊಂದು ಸಿಕ್ಕಿತು. ಈ ಎರಡರ ನಡುವೆ ಎಪ್ಪತ್ತೇಳು ವರ್ಷ ಕಳೆದಿತ್ತು.

ಅಷ್ಟಕ್ಕೇ ಬೆರಗಾಗಬೇಡಿ. ನಮ್ಮ ಹೊಳೆಯ ಮೀನಿನ ಮುಂದೆ ಬಾಸ್ ಒಂದು ಮಗು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಶೀರ್ ಮೀನು 120 ಪೌಂಡು ತೂಗಿತ್ತು. ಅಂದರೆ 54 ಕೆ.ಜಿ., ಹೆಚ್ಚುಕಡಿಮೆ ನಮ್ಮ ಹತ್ತನೇ ತರಗತಿಯ ಒಬ್ಬ ಹುಡುಗನಷ್ಟು! ಬೆನ್ನು ಗೂನಾದ, ಕಿತ್ತಳೆ ಬಣ್ಣದ ಬಾಲದ ಈ ಮಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಹೊಳೆಯ ದಡದವರು ಮಶೀರನ್ನು ಬಿಳಿಮೀನು ಎನ್ನುವುದುಂಟು.

ಈ ಮಹಾಮೀನಿಗೆ ಹಾಕುತ್ತಿದ್ದ ಎರೆ ಯಾವುದು ಗೊತ್ತೆ? ರಾಗಿ! ಮಂಡ್ಯ ಜಿಲ್ಲೆಯ ಓದುಗರು ನಗಬಾರದು. ಭೀಮೇಶ್ವರಿಯ ಕಡೆ ಕಾವೇರಿಯಲ್ಲಿ ಗಾಳ ಹಾಕಲು ದೇಶವಿದೇಶಗಳಿಂದ ಬಂದವರು ರಾಗಿ ಹಿಟ್ಟನ್ನು ಕಲಸಿ, ನಿಂಬೆಹಣ್ಣಿನಿಂದ ಕಿತ್ತಳೆ ಹಣ್ಣಿನ ಗಾತ್ರದವರೆಗೆ ಉಂಡೆ ಕಟ್ಟಿ, ಬೇಯಿಸಿ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಬೇಯಿಸಿದ ಉಂಡೆ ಗಟ್ಟಿ. ಸಣ್ಣ ಮೀನುಗಳು ಕುಟುಕಿದರೂ ಬೇಗ ಕರಗುವುದಿಲ್ಲ, ಅವುಗಳ ಬಾಯಿಗೆ ಹಿಡಿಸುವುದೂ ಇಲ್ಲ. ದೊಡ್ಡ ಬಾಯಿ ಬರುವವರೆಗೆ ಕಾದಿರುತ್ತದೆ. ಮಶೀರಿನ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲಿಯೇ ಅರೆದು ನುಂಗುತ್ತದೆ. ನಾವು ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಅದು ಗಂಟಲಿನಲ್ಲಿ ಅಗಿದು ನುಂಗುತ್ತದೆ. ವ್ಯತ್ಯಾಸ ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲೋಣ. ದೊಡ್ಡ ಎರೆಗೆ ದೊಡ್ಡ ಮೀನೇ ಬಿತ್ತು ಎಂದ ಮಾತ್ರಕ್ಕೆ ಹೊಳೆಯಲ್ಲಿರುವುದೆಲ್ಲ ದೊಡ್ಡ ಮೀನೇ ಎನ್ನಬಹುದೆ? ಆರ್ಥರ್ ಎಡಿಂಗ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ 1939ರ ತಮ್ಮ ಪುಸ್ತಕದಲ್ಲಿ ಒಂದು ಕಥೆ ಹೇಳಿದ್ದಾರೆ. ಒಬ್ಬ ಎರಡಂಗುಲ ಕಣ್ಣಿನ ಬಲೆ ಬೀಸಿ, ಸಿಕ್ಕಿದ್ದನ್ನೆಲ್ಲ ಅಳೆದು, 'ಕಡಲಿನಲ್ಲಿ ಎರಡಂಗುಲಕ್ಕಿಂತ ಸಣ್ಣ ಜೀವಿಯೇ ಇಲ್ಲ' ಎಂದು ತೀರ್ಮಾನಿಸಿದನಂತೆ! ವಿದ್ಯಾರ್ಥಿಗಳೇ, ನೀವು ಯಾವ ಪ್ರಯೋಗ ಮಾಡಿದರೂ ಈ ಬಲೆಯ ಕಣ್ಣನ್ನು ಮರೆಯಬೇಡಿ. ನಮ್ಮ ಸಲಕರಣೆ ಏನನ್ನು ಹಿಡಿಯಬಲ್ಲದೋ ಅದಷ್ಟೇ ನಮಗೆ ಕಾಣುತ್ತದೆ.

ಕಾವೇರಿಯಲ್ಲಿ ಆದದ್ದನ್ನು ಕೇಳಿ. ಅಲ್ಲಿನ ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ಹೊಳೆಗೆ ಬಿಡುವ ಪದ್ಧತಿಯಿತ್ತು. ಅಭಯಾರಣ್ಯದ ಕಾನೂನಿನಿಂದಾಗಿ ಆ ಶಿಬಿರಗಳು ನಿಂತವು, ಲೆಕ್ಕದ ಪುಸ್ತಕಗಳು ಮಾತ್ರ ಉಳಿದವು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಗೂನುಬೆನ್ನಿನ ಮಶೀರ್ ಸಿಗುವ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಆದರೆ ಸಿಕ್ಕ ಮೀನುಗಳ ಸರಾಸರಿ ತೂಕ ಏರಿತ್ತು! ಗಾಳ ಹಾಕಿದವನಿಗೆ ಇದು ಸಂತೋಷದ ಸುದ್ದಿ. ಆದರೆ ಅರ್ಥವೇನು? ಮುದಿ ಮೀನುಗಳಷ್ಟೇ ಉಳಿದಿದ್ದವು, ಮರಿಗಳು ಬೆಳೆದು ಬರುತ್ತಿರಲಿಲ್ಲ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯರು ಜಗಲಿಯ ಮೇಲಿದ್ದಾರೆ, ಒಂದನೇ ತರಗತಿಗೆ ಸೇರಿಸಲು ಮಕ್ಕಳಿಲ್ಲ. ಹೊಳೆಯ ಕಥೆಯೂ ಹಾಗೆಯೇ ಆಗಿತ್ತು.

ಕಾರಣಗಳು ಹಲವು. ಅಣೆಕಟ್ಟುಗಳು ಮೀನಿನ ದಾರಿ ಕಟ್ಟಿದವು. ಮರಳು ತೆಗೆದದ್ದು, ಸಿಡಿಮದ್ದು ಹಾಕಿದ್ದು ಅದಕ್ಕೆ ಸೇರಿತು. ಒಳ್ಳೆಯದಾಗಲೆಂದು ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೊಂದು ಮಶೀರನ್ನು ಕಾವೇರಿಗೆ ಬಿಟ್ಟದ್ದೂ ಒಂದು ಕಾರಣವೆನ್ನುತ್ತಾರೆ. ಅದು ಹೆಚ್ಚಿತು, ಹೊಳೆಯ ಸ್ವಂತ ಮೀನು ಕುಗ್ಗಿತು. ತಮಾಷೆಯೆಂದರೆ, ನೂರಾರು ವರ್ಷ ಜನ ಬೆರಗಿನಿಂದ ನೋಡಿದ ಈ ಮೀನಿನ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರು ಖಚಿತವಾದ ವರ್ಷವೇ ಕಾಯಿಲೆಯ ಚೀಟಿ!

ದೊಡ್ಡ ಮೀನು ಹೋದರೆ ಹೋಗಲಿ, ಸಣ್ಣವು ಮೊಟ್ಟೆ ಇಡುವುದಿಲ್ಲವೆ ಎಂದು ಕೇಳಬಹುದು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕ ನೋಡಿ. 30 ಕೆ.ಜಿ.ಯ ಒಂದು ಅಟ್ಲಾಂಟಿಕ್ ಕಾಡ್ ಮೀನು ಇಡುವ ಮೊಟ್ಟೆಗಳು, ತಲಾ 2 ಕೆ.ಜಿ. ತೂಗುವ 28 ಮೀನುಗಳು ಸೇರಿ ಇಡುವ ಮೊಟ್ಟೆಗಳಿಗಿಂತ ಹೆಚ್ಚು. ಆ 28ರ ಒಟ್ಟು ತೂಕ 56 ಕೆ.ಜಿ. ಎಂಬುದನ್ನು ಗಮನಿಸಿ. ದೊಡ್ಡ ತಾಯಿಯ ಬದಲಿಗೆ ಅಷ್ಟೇ ತೂಕದ ಸಣ್ಣ ಮೀನು ಸಮನಲ್ಲ.

ಇನ್ನು ನನ್ನ ಕಥೆ. ನಾನು ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯಲ್ಲಿ. ಎಂಟನೇ ತರಗತಿಯಲ್ಲಿದ್ದಾಗ ಊರ ಕೆರೆಯಲ್ಲಿ ಕೆಂಪು ಮರಿಗಳ ಗುಂಪು ಕಂಡೆ. ಕೊರವದ ಮರಿಗಳು ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬರುತ್ತವೆ. ಆಗ ಆ ಜಾಗದ ನೀರು ಅನ್ನ ಕುದಿಯುವ ಹಾಗೆ ಕಾಣುತ್ತದೆ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಹತ್ತಿರ ಬಂದದ್ದು ಕಪ್ಪೆಯಾಗಲಿ ಹಾವಾಗಲಿ, ಹಸಿವಿಲ್ಲದಿದ್ದರೂ ನುಗ್ಗುತ್ತವೆ. ಅದನ್ನು ಬಲ್ಲ ದೊಡ್ಡವರೊಬ್ಬರು ಹೇಳಿಕೊಟ್ಟಂತೆ ದಪ್ಪ ಕಪ್ಪೆಯೊಂದನ್ನು ಕೊಕ್ಕೆಗೆ ಹಾಕಿ ಮರಿಗಳ ನಡುವೆಯೇ ಎಸೆದೆ. ಮೊದಲ ಎಸೆತಕ್ಕೇ ಬಿತ್ತು. ಮಾರನೆಯ ದಿನ ಇನ್ನೊಂದೂ ಬಿತ್ತು. ಊರಿನಲ್ಲಿ ಎರಡು ದಿನ ನಾನೇ ರಾಜ.

ಮೂರನೆಯ ದಿನ ಏರಿಯ ಮೇಲೆ ಹೋಗಿ ನೋಡಿದೆ. ಅನ್ನ ಕುದಿಯುವ ನೀರು ಇರಲಿಲ್ಲ. ಚದುರಿದ ನಾಲ್ಕಾರು ಮರಿಗಳನ್ನು ಪಕ್ಕೆ ಮೀನುಗಳು ಅಟ್ಟುತ್ತಿದ್ದವು. ದಡದಲ್ಲಿ ಎರಡು ಬೆಳ್ಳಕ್ಕಿ ನಿಂತಿದ್ದವು. ನಾನು ಎರಡು ಮೀನು ಹಿಡಿದಿದ್ದೇನೆಂದುಕೊಂಡಿದ್ದೆ. ಲೆಕ್ಕ ತಪ್ಪಿತ್ತು.

ಇದಿಷ್ಟನ್ನೂ ಹುಡುಗನಿಗೆ ಹೇಳಿ ಪ್ಲಾಸ್ಟಿಕ್ ಕಪ್ಪೆಯನ್ನು ವಾಪಸು ಕೊಟ್ಟೆ. ಹಿಡಿಯಬೇಡ ಎಂದು ಆಣೆ ಹಾಕಿಸಲಿಲ್ಲ. ಮನೆಯ ಕಷ್ಟ ಅವನಿಗೆ ಗೊತ್ತು, ನನಗಲ್ಲ. ನೋಟ್ ಪುಸ್ತಕಕ್ಕೆ ಮೀನಿನ ದುಡ್ಡೇ ಬೇಕೆಂದೇನಿಲ್ಲ, ಅದನ್ನು ನಾವು ಮೇಷ್ಟ್ರುಗಳು ನೋಡಿಕೊಳ್ಳುತ್ತೇವೆ ಎಂದಷ್ಟೇ ಹೇಳಿದೆ.

ಸೋಮವಾರ ಅವನು ಬೇಗ ಬಂದಿದ್ದ. "ಕೊಕ್ಕೆ ಕಿತ್ತಾಕಿ ಎಸೆದೆ ಸಾ. ಮರಿ ಹತ್ರ ಬಿದ್ರೆ ಬಂದು ಗುದ್ದುತ್ತೆ. ಬಾಯಿಗೆ ತಗೊಂಡು ಆಚೆಗೆ ಉಗುಳುತ್ತೆ, ನುಂಗಲ್ಲ. ದೂರ ಹಾಕಿದ್ರೆ ತಿರುಗೂ ನೋಡಲ್ಲ." ನನ್ನ ಮೈ ಜುಮ್ಮೆಂದಿತು. ಅದು ಹಸಿವಲ್ಲ, ಕಾವಲು ಎಂಬುದನ್ನು ಈ ಹುಡುಗ ಕೊಕ್ಕೆಯಿಲ್ಲದ ಕಪ್ಪೆಯಿಂದ ತಾನೇ ಪರೀಕ್ಷಿಸಿ ನೋಡಿದ್ದ. ಒಂದು ಮೀನು, ಒಂದು ದಿನದ ಪ್ರಯೋಗದಿಂದ ನಿಯಮ ಹೇಳಲಾಗದು ಎಂದು ತಿದ್ದಿದೆ. ಪದೇ ಪದೇ ಎಸೆದು ಅವುಗಳಿಗೆ ಕಾಟ ಕೊಡಬೇಡವೆಂದೂ ಹೇಳಿದೆ. ಆದರೆ ಆ ಪ್ರಯೋಗವನ್ನು ಕಪ್ಪು ಹಲಗೆಯ ಮೇಲೆ ಬರೆಸಿದೆ.

ಅವನ ಅಪ್ಪ ಸಂತೆಯ ದಿನ ಸಿಕ್ಕರು. "ಏನ್ ಮೇಷ್ಟ್ರೇ, ನಿಮ್ಮ ವಿಜ್ಞಾನ ಕೇಳಿ ನಮ್ಮನೆ ಸಾರಿಗೆ ಮೀನಿಲ್ಲದಂಗಾಯ್ತು" ಎಂದರು. ನಗುತ್ತಲೇ ಅಂದರು, ಆದರೆ ಪೂರ್ತಿ ನಗುವಾಗಿರಲಿಲ್ಲ. ಮರಿಗಳು ದೊಡ್ಡವಾಗಿ ಚದುರುವ ತನಕ ಒಂದು ತಿಂಗಳು ತಡೆಯಿರಿ, ಅಲ್ಲಿಯವರೆಗೆ ಕೆರೆ ತುಂಬ ಜಿಲೇಬಿ ಮೀನಿದೆಯಲ್ಲ ಎಂದೆ. "ಅದ್ರಲ್ಲಿ ಬರೀ ಮುಳ್ಳು" ಎಂದರು. ಆ ಮಾತಿಗೆ ವಿಜ್ಞಾನದಲ್ಲಿ ಉತ್ತರವಿಲ್ಲ.

ಪೋಷಕರಲ್ಲಿ ಒಂದು ಮಾತು. ಮಳೆ ಬಂದು ಕೆರೆ ತುಂಬಿದಾಗ ಮಕ್ಕಳನ್ನು ಒಮ್ಮೆ ಏರಿಯ ಮೇಲೆ ಕರೆದುಕೊಂಡು ಹೋಗಿ. ಪಾಂಡವಪುರದವರಿಗೆ ತೊಣ್ಣೂರು ಕೆರೆಯಿದೆ, ಶ್ರೀರಂಗಪಟ್ಟಣದವರಿಗೆ ಹೊಳೆಯೇ ಇದೆ. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ, ನೀರಿಗೆ ಇಳಿಸಬೇಡಿ. ಜೊಂಡಿನ ಅಂಚಿನಲ್ಲಿ ನೀರು ಅನ್ನದಂತೆ ಕುದಿಯುವ ಜಾಗವೊಂದನ್ನು ಹುಡುಕಲು ಹೇಳಿ. ಕಂಡರೆ ಹತ್ತು ನಿಮಿಷ ಸುಮ್ಮನೆ ನಿಂತು, ಮರಿಗಳು ಎಷ್ಟು ಸಲ ಉಸಿರಿಗೆ ಮೇಲೆ ಬಂದವು, ಕೆಳಗಿನ ಕಪ್ಪು ನೆರಳು ಎಷ್ಟು ಸಲ ಕಂಡಿತು ಎಂದು ಎಣಿಸಲಿ. ಎಣಿಸಿದ್ದನ್ನು ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಲಿ.