ಸಿಂಪಡಣೆಗೆ ಮೊದಲಿನ ರಕ್ತ

1968ರ ಕೀಟನಾಶಕ ಕಾಯ್ದೆಯ ಸ್ಥಾನದಲ್ಲಿ ಹೊಸದೊಂದನ್ನು ನಿಲ್ಲಿಸುವ ಪ್ರಯತ್ನವು, 2020ರಲ್ಲಿ ರಾಜ್ಯಸಭೆಯಲ್ಲಿ ಮಂಡಿತವಾದ ಮಸೂದೆಯ ತರುವಾಯ, ಕರಡಿನ ರೂಪದಲ್ಲಿ ಮತ್ತೊಮ್ಮೆ ಜನರ ಮುಂದೆ ಬಂದಿರುವಾಗ, ವಾದವಿವಾದವೆಲ್ಲ ನಕಲಿ ಔಷಧಿ, ಪರವಾನಗಿ, ದಂಡದ ಮೊತ್ತ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತಿರುವುದನ್ನು ಕಂಡು ನನ್ನ ಸಹನೆ ಮುಗಿದಿದೆ. ಔಷಧಿ ಹೊಡೆಯುವವನ ರಕ್ತದ ಪ್ರಸ್ತಾಪವಿಲ್ಲದ ಕಾಯ್ದೆ, ದಂಡವನ್ನು ಎಷ್ಟೇ ಏರಿಸಲಿ, ಅಪೂರ್ಣವಾದದ್ದೇ ಸರಿ.

ರಕ್ತವನ್ನು ಅಳೆಯುವ ಈ ವಿಚಾರ ನಮ್ಮ ಶಾಸನಕ್ಕೆ ಅಪರಿಚಿತವೇನೂ ಅಲ್ಲ. 1971ರ ಕೀಟನಾಶಕ ನಿಯಮಾವಳಿಯಲ್ಲಿ 37ನೆಯ ನಿಯಮವೊಂದುಂಟು. ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್ ವರ್ಗದ ವಿಷಗಳನ್ನು ತಯಾರಿಸುವ ಘಟಕಗಳಲ್ಲಿ ದುಡಿಯುವವರ ರಕ್ತದ ಕೋಲಿನೆಸ್ಟರೇಸ್ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯತಕ್ಕದ್ದೆಂದು ಅದು ವಿಧಿಸುತ್ತದೆ. ವರ್ಷಕ್ಕೆ 12 ಸಲ. ಅದೇ ದ್ರವವು ಡಬ್ಬಿ ಸೇರಿ, ನಮ್ಮ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯ ಅಂಗಡಿಯನ್ನು ದಾಟಿ, ಹೇಮಗಿರಿ ಅಣೆಕಟ್ಟೆಯ ನಾಲೆ ಬಯಲಿಗೆ ಬಂದು, ನೀರಿನಲ್ಲಿ ಕದಡಿ ಬೆನ್ನಮೇಲಿನ ಪಂಪನ್ನು ತುಂಬುವ ಹೊತ್ತಿಗೆ, ಅದನ್ನು ಹೊತ್ತು ಮೊಳಕಾಲುದ್ದದ ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆಯುವ ರೈತನಿಗಾಗಲಿ, ಆತ ಕರೆತಂದ ಕೂಲಿಯವನಿಗಾಗಲಿ ಆ 12ರಲ್ಲಿ ಒಂದೂ ದಕ್ಕುವುದಿಲ್ಲ. ಕಾರ್ಖಾನೆಯ ಬಾಗಿಲಿನಲ್ಲಿ ಅಪಾಯಕರವೆನಿಸಿದ ವಸ್ತು ಗದ್ದೆಯ ಬದುವಿನಲ್ಲಿ ನಿರಪಾಯಕರವಾದದ್ದು ಯಾವ ನ್ಯಾಯದಿಂದ? ಐದು ದಶಕಗಳಿಂದ ಮುದ್ರಿತವಾಗಿ ಬಿದ್ದಿರುವ ಈ ಸಂಖ್ಯೆಯನ್ನು ಯಾರೂ ಎತ್ತಿ ತೋರಿಸದಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಕೋಲಿನೆಸ್ಟರೇಸ್ ಎಂಬ ಕಿಣ್ವದ ವಿಶೇಷವನ್ನು ಇಲ್ಲಿ ಹೇಳಲೇಬೇಕು. ಈ ವಿಷಗಳ ಅಂಶವು ಮೂತ್ರದೊಡನೆ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ; ಆದರೆ ಆರ್ಗನೋಫಾಸ್ಫರಸ್ಸಿನಿಂದ ಕುಗ್ಗಿದ ಕಿಣ್ವವು ಕೆಂಪು ರಕ್ತಕಣಗಳಲ್ಲಿ ಮೊದಲಿನಂತಾಗಲು, ಆ ಕಣಗಳೇ ಸತ್ತು ಹೊಸವು ಹುಟ್ಟಬೇಕಾದ್ದರಿಂದ, ತಿಂಗಳುಗಳೇ ಹಿಡಿಯುತ್ತವೆ. ಹೀಗೆ ಹೊರಟುಹೋದ ವಿಷದ ಲೆಕ್ಕವನ್ನು ದೇಹವೇ ಬರೆದಿಟ್ಟುಕೊಂಡಿರುತ್ತದೆ. ಆದರೆ ಆರೋಗ್ಯವಂತರಲ್ಲಿಯೇ ಈ ಮಟ್ಟವು ಒಬ್ಬನಿಂದೊಬ್ಬನಿಗೆ ಬಹಳವಾಗಿ ಭಿನ್ನವಾಗಿರುವುದರಿಂದ, ಸಿಂಪಡಣೆಯ ಬಳಿಕ ತೆಗೆದ ಒಂದೇ ಒಂದು ಅಳತೆಯಿಂದ ಹೆಚ್ಚೇನೂ ತಿಳಿಯದು. ಆತನದೇ ಹಿಂದಿನ ಅಳತೆಯೊಡನೆ ಅದನ್ನು ತಾಳೆ ನೋಡಬೇಕು. ಕ್ಯಾಲಿಫೋರ್ನಿಯಾ ಸಂಸ್ಥಾನವು 1974ರಿಂದಲೂ ಇದನ್ನೇ ಮಾಡುತ್ತ ಬಂದಿದೆ: ಕೆಂಪು ಕಣಗಳ ಕಿಣ್ವವು ಕೆಲಸಗಾರನ ಮೂಲಮಟ್ಟದ ಶೇ. 70ಕ್ಕೆ ಇಳಿದರೆ ಆತನನ್ನು ವಿಷದ ಕೆಲಸದಿಂದ ದೂರವಿಡಬೇಕೆಂಬುದು ಅಲ್ಲಿಯ ಕಟ್ಟಳೆ. ನಮ್ಮಲ್ಲಿ ಔಷಧಿ ಹೊಡೆದು ಬಂದವನಿಗೆ ತಲೆ ಸುತ್ತಿದರೆ, ಕಣ್ಣು ಮಂಜಾದರೆ, ಬಿಸಿಲು ಬಡಿಯಿತೆಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ.

ಮೂಲಮಟ್ಟವಿಲ್ಲದೆ ನಡೆದ ವಿವಾದದ ಗತಿಯೇನೆಂಬುದಕ್ಕೆ ಗಡಿನಾಡಿನ ಪಡ್ರೆಯೇ ಸಾಕ್ಷಿ. ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದ ಆ ಊರಿನ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇವರು ಕೂಗಿ ಹೇಳಿದ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಕ್ಕಳ ರಕ್ತವನ್ನು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಸಿಂಪಡಣೆಗೊಳಗಾದ ಊರಿನ 70 ಬಾಲಕರ ರಕ್ತದ ಸೀರಮ್ಮಿನಲ್ಲಿದ್ದ ಎಂಡೋಸಲ್ಫಾನಿನ ಸರಾಸರಿಯು ನೂರು ಕೋಟಿಯಲ್ಲಿ 7.47 ಭಾಗ, ತುಲನೆಗೆಂದು ಆರಿಸಿದ, ಅಂಥ ಸಿಂಪಡಣೆಯೇ ಇಲ್ಲದ ಊರಿನ 47 ಬಾಲಕರಲ್ಲಿ 1.37. ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳು ಕಳೆದ ಮೇಲಿನ ಮಾತಿದು! ಎಲ್ಲರೂ 7.47ನ್ನು ಉದ್ಧರಿಸುತ್ತಾರೆ. ನನ್ನ ನಿದ್ದೆ ಕೆಡಿಸುವುದು ಆ 1.37. ತುಲನೆಯ ಊರಿನ ಮಕ್ಕಳಲ್ಲಿಯೂ ಶೇ. 29ರಷ್ಟು ಮಂದಿಯ ರಕ್ತದಲ್ಲಿ ವಿಷದ ಕುರುಹು ದೊರೆತಿತ್ತು. ಹೆಲಿಕಾಪ್ಟರನ್ನೇ ಕಾಣದ ಊರಿನ ಸ್ಥಿತಿ ಹೀಗಿದ್ದ ಮೇಲೆ, ಹೆಲಿಕಾಪ್ಟರ್ ಬಾರದ ನಮ್ಮ ಬಯಲು ನಿರ್ಮಲವೆಂದು ನಂಬುವುದಕ್ಕೆ ಆಧಾರವೆಲ್ಲಿ?

ಸಿಂಪಡಣೆ ಆರಂಭವಾಗುವ ಮೊದಲಿನ ಒಂದು ಅಳತೆಯಾದರೂ ಪಡ್ರೆಯಲ್ಲಿ ಇದ್ದಿದ್ದರೆ, ಸಮಿತಿಗಳು ಪರಸ್ಪರ ವಿರುದ್ಧವಾದ ವರದಿಗಳನ್ನು ಬರೆಯುತ್ತ ಕೂರುವುದಕ್ಕೆ ಅಷ್ಟು ಅವಕಾಶವಿರುತ್ತಿರಲಿಲ್ಲ. ಈ ವರದಿಗಳ ಎಳೆದಾಟದ ಬಳಿಕ, ಎಂಡೋಸಲ್ಫಾನಿನ ದೇಶವ್ಯಾಪಿ ನಿಷೇಧಕ್ಕೆ ಸುಪ್ರೀಂ ಕೋರ್ಟಿನ ಆಜ್ಞೆ ಬಂದದ್ದು 2011ರ ಮೇ 13ರಂದು.

ರೈತರು ರಕ್ತ ಕೊಡಲಾರರು, ಖರ್ಚು ವಿಪರೀತವಾದೀತು ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಸಕ್ಕರೆ ಕಾಯಿಲೆಗೆಂದು ಬೆರಳು ಚುಚ್ಚಿಸಿಕೊಳ್ಳುವ ಜನ ಇದಕ್ಕೆ ಹಿಂಜರಿಯಲಾರರು. ಜಿಲ್ಲೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಮಂಡ್ಯದಲ್ಲೊಂದು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೊಂದು, ಈ ಕಿಣ್ವದ ಪರೀಕ್ಷೆಯಂತೂ ಅಪರೂಪದ ಯಂತ್ರಗಳನ್ನು ಬೇಡುವಂಥದಲ್ಲ. ಹೊಸ ಕಾಯ್ದೆಯಲ್ಲಿ 37ನೆಯ ನಿಯಮದ ವ್ಯಾಪ್ತಿಯನ್ನು ಗದ್ದೆಯವರೆಗೆ ವಿಸ್ತರಿಸಿ, ಅದರ ಖರ್ಚನ್ನು ವಿಷ ಮಾರುವವರ ಮೇಲೆ ಹೊರಿಸಲಿ. ಹೇಮಗಿರಿ ನಾಲೆಗೆ ನೀರು ಬಿಟ್ಟ ದಿನಕ್ಕೂ, ನಾಟಿಯಾಗಿ ಮೊದಲ ಪಂಪು ಬೆನ್ನೇರುವ ದಿನಕ್ಕೂ ನಡುವೆ ಕೆಲವು ವಾರಗಳಿರುತ್ತವೆ. ಮೊದಲ ರಕ್ತವನ್ನು ತೆಗೆಯಬೇಕಾದದ್ದು ಆ ವಾರಗಳಲ್ಲಿ.